ಎರಡು ಸೆಕೆಂಡಿನ ಮೌನ

ಪರಊರಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ, ಟ್ರಂಕಿನ ತಳದಲ್ಲೋ ಕಪಾಟಿನ ಮೇಲೋ, ಹಳೆಯ ಕ್ಯಾಸೆಟ್ಟುಗಳ ಗಂಟೊಂದು ಇದ್ದೇ ಇರುತ್ತದೆ. ಒಂದರಲ್ಲಿ ಅಜ್ಜಿಯ ಆರತಿ ಹಾಡು, ಇನ್ನೊಂದರಲ್ಲಿ ಸೋದರಮಾವನ ಮದುವೆಯ ಗದ್ದಲ. ಪುಣೆಯ ನಮ್ಮ ಮನೆಯಲ್ಲಿರುವುದು ತಂದೆಯವರ ಭಾರತವಾಚನ. ಗದುಗಿನ ಕಡೆಯವರಾದ ಅವರು ಶನಿವಾರ ಸಂಜೆ ನಾಲ್ಕಾರು ಕನ್ನಡ ಕುಟುಂಬಗಳನ್ನು ಕೂಡಿಸಿಕೊಂಡು, ಶ್ರುತಿಪೆಟ್ಟಿಗೆ ಹಚ್ಚಿ, ಕುಮಾರವ್ಯಾಸನನ್ನು ಓದುತ್ತಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು. ದನಿ ಮಾತ್ರ ಉಳಿದಿದೆ.

ಆ ದನಿಯೂ ಸವೆಯತೊಡಗಿದಾಗ ಅದನ್ನು ಸಿಡಿಗೆ ಇಳಿಸಬೇಕೆಂದು ನಿಶ್ಚಯಿಸಿದೆವು. ಫೋನಿನಲ್ಲೇ ಕೇಳಬಾರದೇ ಎಂದು ವಾಚಕರು ಕೇಳಿಯಾರು. ಕಣ್ಣು ಮಂಜಾದ ನಮ್ಮ ತಾಯಿಯವರಿಗೆ ಗಾಜಿನ ಮೇಲೆ ಬೆರಳಾಡಿಸುವುದು ಒಗ್ಗದು; ಸಿಡಿ ಯಂತ್ರದ ಗುಂಡಿಗಳೋ ಅವರ ಬೆರಳಿಗೆ ಚೆನ್ನಾಗಿ ಗೊತ್ತು.

ಮೊದಲು ಪೇಟೆಯ ಅಂಗಡಿಯೊಂದರಲ್ಲಿ ಮಾಡಿಸಿದೆವು. ಐದೈದು ನಿಮಿಷಕ್ಕೊಂದು ತುಂಡು. ತುಂಡು ತುಂಡಿನ ನಡುವೆ ಎರಡು ಸೆಕೆಂಡಿನ ಮೌನ. ಸಿನಿಮಾ ಹಾಡುಗಳಿಗೆ ಅದು ಒಪ್ಪುತ್ತದೆ. ವಾಚನದ ಮಾತೇ ಬೇರೆ: ಷಟ್ಪದಿ ಮುಗಿದರೂ ಶ್ರುತಿ ಮುಗಿಯದು. ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಜನ್ಮರಹಸ್ಯ ತಿಳಿಸುವ ಪ್ರಸಂಗದಲ್ಲಿ, ಶ್ರುತಿ ಸಹಿತ ದನಿ ತಟ್ಟನೆ ಕಡಿಯಿತು.

"ನಿಂದರಸಪಾ," ಎಂದರು ತಾಯಿಯವರು. "ನಡುವ ಅವರ ಉಸುರು ನಿಂತ್ಹಂಗ ಆಗ್ತದ."

ಆ ಕೊನೆಯ ರಾತ್ರಿ ತಂದೆಯವರ ಮಗ್ಗುಲಲ್ಲಿ ಕುಳಿತಿದ್ದವರು ಅವರೇ. ನಾವು ಮರುಮಾತಾಡದೆ ಯಂತ್ರ ನಿಲ್ಲಿಸಿದೆವು.

ಕ್ಯಾಸೆಟ್ಟಿನ ಒಂದು ಮಗ್ಗುಲನ್ನು ಇಡಿಯಾಗಿ ಒಂದೇ ತುಂಡು ಮಾಡಬಹುದಿತ್ತು. ಆದರೆ ಬೇಕಾದ ಪ್ರಸಂಗವನ್ನು ಹುಡುಕುವ ಬಗೆ ಹೇಗೆ? ಗುರುತೂ ಬೇಕು, ಬಿರುಕೂ ಬೇಡ. ಕಚೇರಿಯಲ್ಲಿ ಫೈಲುಗಳೊಡನೆ ಬಾಳುವ ನಮಗೆ ಇದು ತೀರ ಹೊಸ ಪ್ರಶ್ನೆಯಲ್ಲ. ಹಾಳೆಗೆ ಚೀಟಿ ಅಂಟಿಸಲು ಹಾಳೆಯನ್ನು ಹರಿಯಬೇಕಾಗಿಲ್ಲವಷ್ಟೆ!

ಓದಿ ಕೇಳಿ ತಿಳಿದ ಮರ್ಮವಿದು. 1980ರಲ್ಲಿ ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಗೊತ್ತುಮಾಡಿದ ಕ್ರಮದಂತೆ, ಸಿಡಿಯ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆಯಲಾಗುತ್ತದೆ. ಈ ಅಳತೆಗಳು 588ರ ಒಂದೊಂದು ಕಂತಾಗಿ, ಸೆಕೆಂಡಿಗೆ 75 ಕಂತುಗಳಲ್ಲಿ ಕೂಡಿರುತ್ತವೆ. ತುಂಡು ಕಂತಿನ ಮಧ್ಯದಲ್ಲಿ ಮುಗಿದರೆ ಉಳಿದ ಜಾಗವನ್ನು ಸೊನ್ನೆಗಳಿಂದ ತುಂಬುವುದು ವಾಡಿಕೆ. ಅದೇ ಕಿವಿಗೆ 'ಟಿಕ್' ಎಂದು ಕೇಳುವುದು. ಆದ್ದರಿಂದ ಕಂತಿನ ಗಡಿಯಲ್ಲೇ ಕತ್ತರಿಸಬೇಕು. ಹಣ ಕೊಡದೆ ದೊರೆಯುವ ಆಡಾಸಿಟಿ ತಂತ್ರಾಂಶದಲ್ಲಿ ಇದಕ್ಕೆ ಅನುಕೂಲವಿದೆ.

ಎರಡನೆಯದು, ತುಂಡುಗಳನ್ನು ಎಂಪಿ3 ಮಾಡಬಾರದು. ಆ ಪದ್ಧತಿ ದನಿಯನ್ನು ಕುಗ್ಗಿಸುವಾಗ ಎರಡು ತುದಿಗೂ ಒಂದಿಷ್ಟು ಮೌನ ಸೇರಿಸುತ್ತದೆ. ವೇವ್ ಕಡತವೇ ಆಗಬೇಕು. ಮೂರನೆಯದು, ಸಿಡಿ ಬರೆಯುವಾಗ 'ಡಿಸ್ಕ್-ಅಟ್-ಒನ್ಸ್' ಎಂಬುದನ್ನು ಆರಿಸಿ, ತುಂಡುಗಳ ನಡುವಣ ಅಂತರವನ್ನು ಸೊನ್ನೆಗೆ ಇಳಿಸಬೇಕು. 'ಟ್ರ್ಯಾಕ್-ಅಟ್-ಒನ್ಸ್' ಎಂದರೆ ಪ್ರತಿ ತುಂಡಿಗೂ ಲೇಸರ್ ಒಮ್ಮೆ ಆರಿ ಮತ್ತೆ ಹೊತ್ತುತ್ತದೆ, ಬಿರುಕು ತಪ್ಪದು.

ಇಂದಿನ ಬಹಳಷ್ಟು ಕಂಪ್ಯೂಟರುಗಳಿಗೆ ಸಿಡಿ ಬರೆಯುವ ಅಂಗವೇ ಇಲ್ಲ. ಹೊರಗಿನಿಂದ ಜೋಡಿಸುವಂಥದೊಂದನ್ನು ಕೊಂಡೆವು. ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ತಂತಿ ಎಳೆದು, ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಅರವತ್ತು ನಿಮಿಷವೂ ಕುಳಿತು ಕೇಳಿದೆವು. ಈ ಕೆಲಸಕ್ಕೆ ಅಡ್ಡದಾರಿಯಿಲ್ಲ. ಇದ್ದಿದ್ದರೆ, ಪದ್ಯ ಪದ್ಯದ ನಡುವೆ ತಂದೆಯವರು ಪುಟ ಮಗುಚುವ ಸದ್ದನ್ನು ನಾವು ಕೇಳುತ್ತಲೇ ಇರಲಿಲ್ಲ. ಅದನ್ನು ಅಳಿಸದೆ ಹಾಗೆಯೇ ಉಳಿಸಿದೆವು.

ಎಂಬತ್ತು ನಿಮಿಷದ ಸಿಡಿಯಲ್ಲಿ ಒಂದು ಕ್ಯಾಸೆಟ್ಟು ಸುಖವಾಗಿ ಹಿಡಿಯಿತು. ಮನೆಯಲ್ಲಿ ಬರೆದ ಸಿಡಿಯೂ ಚಿರಂಜೀವಿಯಲ್ಲ. ಮೂಲ ಕಡತಗಳನ್ನು ಬೇರೆ ಎರಡು ಕಡೆ ಇರಿಸಿದ್ದೇವೆ.

ಈಗ ಮಧ್ಯಾಹ್ನ ಮರಾಠಿ ಶಾಲೆಯಿಂದ ಬಂದ ಮಗಳು ಅಜ್ಜಿಗಾಗಿ ಗುಂಡಿ ಒತ್ತುತ್ತಾಳೆ. ಏಳನೆಯ ತುಂಡು ಎಂದರೆ ಕರ್ಣನ ಪ್ರಸಂಗವೆಂದು ಅವಳಿಗೆ ಬಾಯಿಪಾಠ. ಅಜ್ಜನ ದನಿಯ ಹಿಂದೆಯೇ ತಪ್ಪು ತಪ್ಪಾಗಿ ಹೇಳುತ್ತಾಳೆ, ಅಜ್ಜಿ ತಿದ್ದುತ್ತಾರೆ. ಏಳರಿಂದ ಎಂಟಕ್ಕೆ ಹೋದದ್ದು ಇಬ್ಬರಿಗೂ ತಿಳಿಯುವುದಿಲ್ಲ.