ಸೋಮೇಶ್ವರ ಹಾಕಿದ ಪಾಲು

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರದ ಆನೆಸಾಲು ನೋಡಿ ಬರ್ತಾರೆ, ಹೊಯ್ಸಳರ ಮನೆಯ ಪಾಲಿನ ಜಗಳ ಯಾರಿಗೂ ನೆನಪಾಗಲ್ಲ. 1254ರ ಸುಮಾರಿಗೆ ಹೊಯ್ಸಳ ದೊರೆ ಸೋಮೇಶ್ವರ ಇಬ್ಬರು ಮಕ್ಕಳಿಗೆ ರಾಜ್ಯ ಹಂಚಿದ: ದೋರಸಮುದ್ರ (ಇದೇ ಹಳೇಬೀಡು) ಸೇರಿ ಕನ್ನಡ ಸೀಮೆ ಮೂರನೇ ನರಸಿಂಹನಿಗೆ, ಶ್ರೀರಂಗದ ಹತ್ತಿರದ ಕಣ್ಣಾನೂರಿನಿಂದ ಆಳುವ ತಮಿಳು ಸೀಮೆ ರಾಮನಾಥನಿಗೆ. ಆ ಸೀಮೆಗಳ ಜನರನ್ನು ಯಾರು ಕೇಳಿದ್ದರು ಬಿಡಿ! ಅಣ್ಣತಮ್ಮಂದಿರು ಕಾದಾಡಿದರು. ಎರಡೂ ಪಾಲು ಒಂದಾದದ್ದು ಮೂರನೇ ಬಲ್ಲಾಳನ ಕಾಲಕ್ಕೆ.

ಕೇಳದೆ ಹಂಚುವ ಚಾಳಿ ರಾಜರೊಂದಿಗೇನೂ ಹೋಗಲಿಲ್ಲ. 1964ರಲ್ಲಿ ಭಾರತದ ಪ್ರಧಾನಿ ಶಾಸ್ತ್ರಿ, ಲಂಕೆಯ ಪ್ರಧಾನಿ ಸಿರಿಮಾವೊ ಕೂತು ಲಂಕೆಯ ತೋಟದ ತಮಿಳರನ್ನು ಪಾಲು ಹಾಕಿದರು: 5.25 ಲಕ್ಷ ಜನ ಭಾರತಕ್ಕೆ, 3 ಲಕ್ಷ ಲಂಕೆಗೆ, ಇನ್ನೊಂದೂವರೆ ಲಕ್ಷದ್ದು ಆಮೇಲೆ ನೋಡೋಣ ಅಂತ. ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ಕುಟುಂಬಗಳು ಬಂದದ್ದು ಆ ಲೆಕ್ಕದಲ್ಲೇ.

ಲಂಕೆಯಲ್ಲೇ ಮೊದಲಿನಿಂದ ಇದ್ದ ಈಳದ ತಮಿಳರದ್ದು ಬೇರೆ ಕಥೆ. 1987ರ ಭಾರತ-ಲಂಕಾ ಒಪ್ಪಂದದಿಂದ ಪ್ರಾಂತೀಯ ಸಭೆಗಳೇನೋ ಬಂದವು, ಪೊಲೀಸ್ ಮತ್ತು ಜಮೀನಿನ ಅಧಿಕಾರವನ್ನು ಕೊಲಂಬೊ ಕೈಬಿಡಲಿಲ್ಲ. 2002ರ ಡಿಸೆಂಬರಿನಲ್ಲಿ ಓಸ್ಲೋದಲ್ಲಿ ಒಕ್ಕೂಟ ಮಾದರಿ ಹುಡುಕೋಣ ಅಂತ ಲಂಕೆಯ ಸರ್ಕಾರ, ಅದರ ವಿರುದ್ಧ ಯುದ್ಧ ಹೂಡಿದ್ದ ಎಲ್‌ಟಿಟಿಇ ಇಬ್ಬರೂ ಒಪ್ಪಿದ್ದರು. ಅದು ಕೈಗೂಡಲಿಲ್ಲ, ಯುದ್ಧ ಮುಗಿದದ್ದು 2009ರಲ್ಲಿ. ಆ ಮಾತುಕತೆ ಮತ್ತೆ ಶುರುವಾಗುವುದಾದರೆ, ಈ ಸಲ ಜಾಫ್ನಾದ ತಮಿಳರನ್ನೇ ಮೊದಲು ಕೇಳಲಿ.