ದಾನವೂ ಸುದ್ದಿಯೂ

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಎಣಿಸಿದ್ದಾರೆ. ಸುಳ್ಳು ಪತ್ರವನ್ನು ಬರೆಯುವುದಷ್ಟೇ ಕೂಟಲೇಖವೆಂದು ಭಾವಿಸುವವರುಂಟು. ಆದರೆ ಪ್ರತಿಯೊಂದು ವಾಕ್ಯವೂ ನಿಜವಾಗಿದ್ದು, ಇಡೀ ಬರಹವೇ ವಂಚನೆಯಾಗಬಲ್ಲದು.

ಅಮೆರಿಕದ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯು 1999ರ ಅಕ್ಟೋಬರ್ 10ರಂದು, ಆ ನಗರದಲ್ಲಿ ಹೊಸದಾಗಿ ಕಟ್ಟಿದ್ದ ಸ್ಟೇಪಲ್ಸ್ ಸೆಂಟರ್ ಎಂಬ ಕ್ರೀಡಾಂಗಣದ ಕುರಿತು 168 ಪುಟಗಳ ವಿಶೇಷ ಸಂಚಿಕೆಯನ್ನು ಹೊರತಂದಿತು. ಅದರ ಜಾಹೀರಾತುಗಳಿಂದ ಬಂದ ಲಾಭವನ್ನು ಕ್ರೀಡಾಂಗಣದೊಡನೆ ಹಂಚಿಕೊಳ್ಳುವ ಒಪ್ಪಂದವಿತ್ತು. ಅದು ಬರೆದವರಿಗೂ ತಿಳಿದಿರಲಿಲ್ಲ, ಓದಿದವರಿಗೂ ತಿಳಿದಿರಲಿಲ್ಲ. ಗುಟ್ಟು ಬಯಲಾದಾಗ ಆ ಪತ್ರಿಕೆಯ ಮುನ್ನೂರಕ್ಕೂ ಹೆಚ್ಚು ಪತ್ರಕರ್ತರು ಸಹಿ ಮಾಡಿ ಪ್ರತಿಭಟಿಸಿದರು. ಡಿಸೆಂಬರ್ 20ರಂದು ಪತ್ರಿಕೆಯು ತನ್ನ ತಪ್ಪಿನ ವಿಚಾರಣೆಯನ್ನು ತನ್ನ ಪುಟಗಳಲ್ಲಿಯೇ ಪ್ರಕಟಿಸಿತು. ಅದೂ ಒಂದು ಬಗೆಯ ಪ್ರತಿಕ್ರಮಣವೇ ಸರಿ.

ಇಂತಹ ಮೋಹವು ದೊಡ್ಡ ನಗರಗಳಿಗೆ ಮಾತ್ರ ಸೀಮಿತವಲ್ಲ. ಬಸದಿಯ ಜೀರ್ಣೋದ್ಧಾರಕ್ಕೆ ಹಣವಿತ್ತ ಧನಿಕರ ಭಾವಚಿತ್ರ ಊರಿನ ಪತ್ರಿಕೆಯ ಮುಖಪುಟದಲ್ಲಿ ಮೂಡುತ್ತದೆ. ಅವರ ಕಾರ್ಖಾನೆಯ ಕೂಲಿಕಾರನ ದೂರಿಗೆ ಒಳಪುಟದಲ್ಲಿಯೂ ಎಡೆಯಿರುವುದಿಲ್ಲ. ದಾನವನ್ನು ಸ್ಮರಿಸುವುದು ಕೃತಜ್ಞತೆ. ದಾನಿಗಾಗಿ ದೂರನ್ನು ಮುಚ್ಚಿಡುವುದು ಅಸತ್ಯ. ಪರರ ಹಿತಕ್ಕಾಗಿ ತನ್ನದನ್ನು ತೊರೆಯುವುದೇ ದಾನವೆಂಬುದು ಆಚಾರ್ಯರ ಅಭಿಪ್ರಾಯ. ತೊರೆದುದಕ್ಕೆ ಪ್ರತಿಯಾಗಿ ಪತ್ರಿಕೆಯ ಮೌನವನ್ನು ಪಡೆದರೆ ಅದು ದಾನವಾಗದು, ಕ್ರಯವಾಗುತ್ತದೆ.

ಸಮಾಜದ ಪತ್ರಿಕೆಗಳಿಗೂ ಬಸದಿಗಳ ಆಡಳಿತ ಮಂಡಳಿಗಳ ವರದಿಗಳಿಗೂ ಈ ವಿವೇಕ ಸಲ್ಲುತ್ತದೆ. ದಾನಿಯ ಹೆಸರು ದಾನಿಗಳ ಪಟ್ಟಿಯಲ್ಲಿ ಶೋಭಿಸಲಿ. ಸುದ್ದಿಯನ್ನು ತೂಗುವ ತಕ್ಕಡಿಯಲ್ಲಿ ಅದು ಬೀಳದಿರಲಿ.