ಹಳೇ ಟ್ರಾಕ್ಟರಿಗೆ ಹಾಡು ಬೇಕಾ?

ಈ ಸಲ ಬೆಳೆ ವಿಷಯ ಅಲ್ಲ, ಟ್ರಾಕ್ಟರ್ ವಿಷಯ. ಸ್ವಲ್ಪ ಉದ್ದ ಆಗುತ್ತೆ. ಡೈರಿಗೆ ಹಾಲು ಹಾಕಿ ಬಂದ ಮೇಲೆ ಕೂತು ಓದಿ.

ನಮ್ಮ ಅಪ್ಪ 1986ರಲ್ಲಿ ತಗೊಂಡ ಮ್ಯಾಸ್ಸಿ 1035 ಹುಣಸೆ ಮರದ ಪಕ್ಕದ ಶೆಡ್ಡಿನಲ್ಲಿ ಎಂಟು ವರ್ಷದಿಂದ ನಿಂತಿತ್ತು. ಅದರ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡ್ತಾ ಇತ್ತು. ಗುಜರಿಯವರು ಎರಡು ಸಲ ಬಂದು ರೇಟು ಕೇಳಿ ಹೋದ್ರು. ನಾನು ಕೊಟ್ಟೇಬಿಡ್ತಿದ್ದೆ, ಮಗ ಬಿಡಲಿಲ್ಲ. ಅವನು ಡಿಪ್ಲೊಮಾ ಮುಗಿಸಿ ಒಂದೂವರೆ ವರ್ಷ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡಿ, ರಾತ್ರಿ ಪಾಳಿ ಆಗಲ್ಲ ಅಂತ ಬಿಟ್ಟು ಬಂದೋನು. ಬಂದವನು ಮಾಡಿದ ಮೊದಲ ಕೆಲಸ ಈ ಟ್ರಾಕ್ಟರ್ ಬಿಚ್ಚಿದ್ದು. "ಕಂಪನಿಯಿಂದ ಹೊರಗೆ ಬಂದಾಗ ಹೆಂಗಿತ್ತೋ ಹಂಗೇ ಮಾಡ್ತೀನಿ ನೋಡಪ್ಪ" ಅಂದ. ಆ ಕಂಪನಿ ಟಾಫೆ, ಅವರ ಒಂದು ಕಾರ್ಖಾನೆ ನಮ್ಮ ದೊಡ್ಡಬಳ್ಳಾಪುರದಲ್ಲೇ ಇರೋದು ನಿಮಗೆಲ್ಲ ಗೊತ್ತು. ಹಾಗಾಗಿ ಹಳೇ ಬಿಡಿಭಾಗಕ್ಕೆ ಹೆಚ್ಚು ಅಲೆದಾಟ ಆಗಲಿಲ್ಲ. ಮೂರು ಸಿಲಿಂಡರಿನ ಇಂಜಿನ್ ಬಿಚ್ಚಿ ರಿಂಗು, ಬೇರಿಂಗು ಹಾಕಿಸಿದ್ದಾಯ್ತು. ಇಂಜೆಕ್ಟರ್ ಪಂಪು ಪೇಟೆಗೆ ಹೋಗಿ ಬಂತು. ಖರ್ಚಿನ ಲೆಕ್ಕ ಇನ್ನೊಂದು ದಿನ ಬರೀತೀನಿ, ಈಗ ನೆನೆಸಿಕೊಂಡ್ರೆ ಎದೆ ಧಸಕ್ ಅನ್ನುತ್ತೆ.

ಎಲ್ಲ ಮುಗಿದು ಪೇಂಟಿಂಗಿಗೆ ಬಂದಾಗ ಪೇಂಟರ್ ಒಂದು ಪ್ರಶ್ನೆ ಕೇಳಿದ. ಬಲಗಡೆ ಮಡ್‌ಗಾರ್ಡ್ ಮೇಲೆ ಕಬ್ಬಿಣದ ಪಟ್ಟಿ ಬಗ್ಗಿಸಿ ವೆಲ್ಡಿಂಗ್ ಮಾಡಿದ ಒಂದು ಸಣ್ಣ ಚೌಕಟ್ಟು ಇದೆ, ಇಟ್ಟಿಗೆ ಕೂರೋಷ್ಟು. "ಇದನ್ನ ಕಟ್ ಮಾಡಿ ಉಜ್ಜಿಬಿಡಲಾ ಅಣ್ಣ? ಇದು ಕಂಪನಿದಲ್ಲ."

ಅದು ಕಂಪನಿದಲ್ಲ, ನಮ್ಮಪ್ಪಂದು. ಅದರಲ್ಲಿ ಅವರ ರೇಡಿಯೊ ಕೂರ್ತಿತ್ತು. ಚರ್ಮದ ಕವರಿನ ಟ್ರಾನ್ಸಿಸ್ಟರ್, ಅಲುಗಾಡದಂತೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಕಟ್ಟಿರೋರು.

ಮಗನಿಗೆ ಖುಷಿಯೋ ಖುಷಿ. "ನೋಡು, ತಾತನೇ ಹಾಕಿಸಿದ್ರು. ಅಂದ್ರೆ ನಾನು ಡೆಕ್ ಹಾಕಿದ್ರೂ ತಪ್ಪಿಲ್ಲ." ಅಪ್ಪ-ಮಗನ ಜಗಳ ಶುರುವಾಗಿದ್ದು ಅಲ್ಲಿಂದ. ಇದು ಬರೀ ಬಣ್ಣದ ಜಗಳ ಅಲ್ಲ, ಅದಕ್ಕೆ ಹಿಂದಿನ ವರ್ಷದ ಒಂದು ಕಥೆ ಹೇಳಬೇಕು. ಇಷ್ಟು ದಿನ ಈ ಪೇಜಲ್ಲಿ ಬರೆದಿರಲಿಲ್ಲ, ನಾಚಿಕೆಗೆ.

ನಮ್ಮ ಈಗಿನ ಟ್ರಾಕ್ಟರಿಗೆ ಡೆಕ್ಕು, ಆಂಪ್ಲಿಫೈಯರ್, ಟಾಪಿನ ಕೆಳಗೆ ಎರಡು ಬಾಕ್ಸು ಎಲ್ಲ ಇತ್ತು. ಹಾಕಿಸಿದ್ದು ಮಗ, ಹೆಚ್ಚು ಕೇಳ್ತಿದ್ದೋನು ನಾನು. ಸುಳ್ಳು ಹೇಳಲ್ಲ. ಯುಗಾದಿ ಕಳೆದ ಮೇಲೆ ಟೊಮೇಟೊ ಕಿತ್ತು ಮುಗಿದ ಹೊಲಕ್ಕೆ ರೋಟವೇಟರ್ ಹೊಡೀತಾ ಇದ್ದೆ. ಆ ಕಡೆ ಬದುವಿನಲ್ಲಿ ಆಳು ಹೆಂಗಸೊಬ್ಬರು ಡ್ರಿಪ್ಪಿನ ಲ್ಯಾಟ್ರಲ್ ಪೈಪು ಎಳೆದು ಸುರುಳಿ ಮಾಡಿ ಹೆಗಲಿಗೆ ಹಾಕ್ಕೊಳ್ತಾ ಇದ್ರು. ಎಲ್ಲ ಸಾಲಿನದೂ ಎಳೆದಾಯ್ತು ಅಂದ್ಕೊಂಡಿದ್ದೆ. ಒಂದು ಸಾಲಿನದು ಮಣ್ಣಿನಲ್ಲಿ ಹೂತುಹೋಗಿತ್ತು. ಅದರ ಒಂದು ತುದಿ ಅವರ ಹೆಗಲ ಮೇಲೆ, ಇನ್ನೊಂದು ತುದಿ ನನ್ನ ರೋಟವೇಟರ್ ಮುಂದೆ.

16 ಎಂಎಂ ಪೈಪು ರೋಟವೇಟರಿಗೆ ಸಿಕ್ಕಿದ್ರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾ? ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತೆ, ಅಂದ್ರೆ ಸೆಕೆಂಡಿಗೆ ಒಂಬತ್ತು. ಬ್ಲೇಡು ಅದಕ್ಕಿಂತ ನಿಧಾನ, ಆದ್ರೂ ಪೈಪು ನೂಲಿನ ಹಾಗೆ ಸುತ್ತಿಕೊಳ್ಳುತ್ತೆ. ಆ ಅಕ್ಕ ಮುಗ್ಗರಿಸಿ ಬಿದ್ದು, ಹೆಗಲಿನ ಸುರುಳಿ ಬಿಡಿಸ್ಕೊಳ್ಳೋಕಾಗದೆ ನೆಲದ ಮೇಲೆ ನಾಲ್ಕೈದು ಮಾರು ಎಳೆದುಕೊಂಡು ಬಂದಿದ್ದಾರೆ. ಕೂಗಿದ್ದಾರೆ. ಪಂಪ್‌ಸೆಟ್ ಹತ್ತಿರ ಇದ್ದ ನನ್ನ ತಮ್ಮನೂ ಕೂಗಿದ್ದಾನೆ. ನನಗೆ ಏನೂ ಕೇಳಲಿಲ್ಲ. ನನಗೆ ಕೇಳ್ತಿದ್ದಿದ್ದು ಅಣ್ಣಾವ್ರ ಹಾಡು. ಆಮೇಲೆ ಬೆನ್ನಿಗೆ ದಪ್ ಅಂತ ಒಂದು ಹೆಂಟೆ ಬಿತ್ತು. ತಮ್ಮ ಎಸೆದಿದ್ದು. ಬೈಯೋಣ ಅಂತ ತಿರುಗಿದೆ. ಆಗ ಕಂಡಿದ್ದನ್ನ ಬರೆಯೋಕೆ ನನಗೆ ಈಗಲೂ ಕೈ ಬರಲ್ಲ.

ದೇವರು ದೊಡ್ಡೋನು, ಹೆಗಲು, ಮೊಣಕೈ ತರಚಿದ್ದು ಬಿಟ್ಟರೆ ಮೂಳೆಗೆ ಏನೂ ಆಗಲಿಲ್ಲ. ಆಸ್ಪತ್ರೆ ಖರ್ಚು, ಕೂಲಿ ಎಲ್ಲ ಕೊಟ್ಟೆ. ಮೂರನೇ ವಾರಕ್ಕೆ ಅವರು ಮತ್ತೆ ಕೆಲಸಕ್ಕೆ ಬಂದ್ರು. ಆದ್ರೆ ಇವತ್ತಿಗೂ ಹೊಲದಲ್ಲಿ ಟ್ರಾಕ್ಟರ್ ಓಡ್ತಾ ಇದ್ರೆ ಅವರು ಬಗ್ಗಿ ಕೆಲಸ ಮಾಡಲ್ಲ. ನಿಂತು ಅದನ್ನೇ ನೋಡ್ತಾ ಇರ್ತಾರೆ. ನಾನೂ ಬೇಗ ಮುಗಿಸಿ ಅಂತ ಹೇಳಲ್ಲ.

ಆವತ್ತು ರಾತ್ರಿನೇ ಡೆಕ್ಕು, ಬಾಕ್ಸು ಎಲ್ಲ ಬಿಚ್ಚಿಹಾಕಿದೆ. ಮಗ ಒಂದು ಮಾತೂ ಆಡಲಿಲ್ಲ ಆಗ. ಈಗ ತಾತನ ಚೌಕಟ್ಟು ಸಿಕ್ಕಿದ ಮೇಲೆ ಬಾಯಿ ಬಂತು.

ಅವನ ವಾದದಲ್ಲೂ ಹುರುಳಿಲ್ಲದೇ ಇಲ್ಲ. "ನೀನು ದಿನಕ್ಕೆ ಎರಡು ಗಂಟೆ ಓಡಿಸ್ತೀಯ. ಬಾಡಿಗೆ ಉಳುಮೆಗೆ ಹೋದ್ರೆ ನಾನು ಎಂಟು ಗಂಟೆ ಒಬ್ಬನೇ ಕೂತಿರ್ತೀನಿ. ಅದೇ ಫ್ಯಾಕ್ಟರಿ ಆಗಿದ್ರೆ ಪಕ್ಕದಲ್ಲಿ ಮಾತಾಡೋಕೆ ಜನ ಇರ್ತಿದ್ರು. ಮಳೆ ಬಿದ್ದ ದಿನ ರಾತ್ರಿ ಹನ್ನೆರಡರವರೆಗೆ ಉಳ್ತೀವಿ, ನಿದ್ದೆ ತಡೆಯೋಕೆ ಏನು ಮಾಡ್ಲಿ?" ಇದಕ್ಕೆ ನನ್ನ ಹತ್ತಿರ ಜವಾಬಿರಲಿಲ್ಲ. ನಮ್ಮ ಕಡೆ ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ಎಷ್ಟು ಮನೆಯ ಹುಡುಗರು ಟ್ರಾಕ್ಟರ್ ಇಳಿದು ಕ್ಯಾಬು ಹತ್ತಿದ್ರು, ಎಷ್ಟು ಹೊಲ ಲೇಔಟಾಯ್ತು, ಲೆಕ್ಕ ಇಟ್ಟೋರು ಯಾರು? ಇವನು ಒಬ್ಬ ವಾಪಸ್ ಬಂದು ಸೀಟಿನ ಮೇಲೆ ಕೂತಿದಾನೆ. ಒಂದು ಹಾಡಿನ ಡಬ್ಬಕ್ಕೋಸ್ಕರ ಅವನನ್ನ ಇಳಿಸೋದಾ ಅಂತ ನನಗೂ ಒಳಗೊಳಗೇ ಭಯ.

ಇದೇ ಜಗಳ ಅಮೆರಿಕದಲ್ಲೂ ಇದೆಯಂತೆ. ಅಲ್ಲಿನ ಹುಡುಗರು 1932ರ ಫೋರ್ಡ್ ತರದ ಹಳೇ ಕಾರುಗಳ ಮಡ್‌ಗಾರ್ಡು, ಬಾನೆಟ್ಟು ಕಿತ್ತು ಹಗುರ ಮಾಡಿ, ದೊಡ್ಡ ಇಂಜಿನ್ ಹಾಕಿ ಓಡಿಸ್ತಾರೆ, ಹಾಟ್ ರಾಡ್ ಅಂತಾರೆ. ಹಳೇ ಪದ್ಧತಿಯವರು ಅದರಲ್ಲಿ ರೇಡಿಯೊ ಇಟ್ಟರೆ ಮೂಗು ಮುರೀತಾರೆ, ಇಂಜಿನ್ ಸದ್ದೇ ಹಾಡು ಅಂತಾರೆ. ಇನ್ನು ಕೆಲವರು ಸ್ಪೀಕರನ್ನ ಕಣ್ಣಿಗೆ ಕಾಣದಂತೆ ಸೀಟಿನ ಕೆಳಗೆ ಬಚ್ಚಿಡ್ತಾರೆ. ಮಗ ಮೊಬೈಲಲ್ಲಿ ತೋರಿಸಿದ. ಅವರದು ಭಾನುವಾರದ ಶೋಕಿ. ನಮ್ಮ ಹಿಂದೆ ರೋಟವೇಟರ್ ಇರುತ್ತೆ, ಅದರ ಹಿಂದೆ ಜನ ಇರ್ತಾರೆ. ಕಾರಿಗೆ ರೇಡಿಯೊ ಬಂದಿದ್ದೂ ಹೊಸದೇನಲ್ಲ, ಚಿಕಾಗೋದ ಪಾಲ್ ಗಾಲ್ವಿನ್ ಅನ್ನೋರು 1930ರಲ್ಲೇ ಮೋಟೊರೋಲಾ ಅನ್ನೋ ಹೆಸರಲ್ಲಿ ಕಾರ್ ರೇಡಿಯೊ ಮಾರಿದ್ರು. ಪೆಟ್ರೋಲ್ ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕಿಡಿ ರೇಡಿಯೊದಲ್ಲಿ ಟಕಟಕ ಅನ್ನಿಸೋದನ್ನ ನಿಲ್ಲಿಸೋದೇ ಆಗಿನ ದೊಡ್ಡ ತಲೆನೋವು. ನಮ್ಮ ಡೀಸೆಲ್ಲಿಗೆ ಪ್ಲಗ್ಗೇ ಇಲ್ಲ, ಆ ಕಾಟ ಇಲ್ಲ. ಆದ್ರೆ ಹಳೇ ಡೈನಮೋ ಇದ್ರೆ ಅದರ ಬ್ರಷ್ಷಿನ ಕಿಡಿಗೆ ಎಎಂ ಸ್ಟೇಷನ್ ಕರಕರ ಅನ್ನುತ್ತೆ, ಡೈನಮೋಗೆ ಒಂದು ಕಂಡೆನ್ಸರ್ ಹಾಕಿಸಿದ್ರೆ ಕಮ್ಮಿಯಾಗುತ್ತೆ.

ಸರಿ, ನಮ್ಮಪ್ಪ ಉಳೋವಾಗ ರೇಡಿಯೊ ಕೇಳ್ತಿದ್ರಾ? ನಾನು ಆಗ ಚಿಕ್ಕೋನು. ನನ್ನ ನೆನಪಿನಲ್ಲಿ ಟ್ರಾಕ್ಟರ್ ಬರುತ್ತೆ, ಮಡ್‌ಗಾರ್ಡ್ ಮೇಲೆ ರೇಡಿಯೊ ಇರುತ್ತೆ, ಅದರಲ್ಲಿ ಹಾಡು ಬರುತ್ತೆ. ಹಾಗೇ ಅಂತ ಮಗನಿಗೂ ಎಷ್ಟೋ ಸಲ ಹೇಳಿದ್ದೆ.

ಅವ್ವನ್ನ ಕೇಳಿದೆ. ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ರು.

"ಉಳೋವಾಗ ಎಲ್ಲಿ ಕೇಳ್ತದೆ ಮಗ ಅದು? ಆ ಸದ್ದಲ್ಲಿ ರೇಡಿಯಾ ಕೇಳ್ತದಾ? ನಾನು ಹಿಟ್ಟು ತಗೊಂಡು ಹೋಗ್ತಿದ್ದೆ. ಬದಕ್ಕೆ ತಂದು ನಿಲ್ಸಿ, ಗಾಡಿ ಆಫ್ ಮಾಡಿ, ಆಮೇಲೆ ರೇಡಿಯಾ ತಿರುಗಿಸೋರು. ಉಂಡು, ಒಂದು ಬೀಡಿ ಸೇದೋವರೆಗೆ. ಮುಚ್ಚಿಟ್ಟು ಮತ್ತೆ ಹತ್ತೋರು."

"ಹಾಡು?"

"ಹಾಡು ಬಂದ್ರೆ ಹಾಡು, ವಾರ್ತೆ ಬಂದ್ರೆ ವಾರ್ತೆ. ಸಂಜೆ ಕೃಷಿರಂಗ ಬರೋ ಹೊತ್ತಿಗೆ ಮಾತ್ರ ಎಷ್ಟು ಸಾಲು ಉಳಿದಿದ್ರೂ ನಿಲ್ಸೋರು."

ನನಗೆ ಒಂದು ನಿಮಿಷ ಮಾತೇ ಬರಲಿಲ್ಲ. ಮೂವತ್ತು ವರ್ಷದಿಂದ ನಾನು ತಿಳ್ಕೊಂಡಿದ್ದೇ ಬೇರೆ. ಆ ಚೌಕಟ್ಟು ಇದ್ದಿದ್ದು ಇಂಜಿನ್ ಓಡೋವಾಗ ಕೇಳೋಕಲ್ಲ, ಇಂಜಿನ್ ನಿಂತಾಗ ಕೈಗೆ ಸಿಗಲಿ ಅಂತ.

ಅಪ್ಪನಿಗೆ ರೇಡಿಯೊ ಅಂದ್ರೆ ಭಕ್ತಿ ಇತ್ತು. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಶುರುಮಾಡಿದ್ದು, ಆಕಾಶವಾಣಿ ಅನ್ನೋ ಹೆಸರು ಬಂದಿದ್ದೂ ಅಲ್ಲಿಂದಲೇ ಅಂತ ಹೆಮ್ಮೆಯಿಂದ ಹೇಳೋರು. ಮುಳ್ಳು ಯಾವಾಗಲೂ ಬೆಂಗಳೂರಿನ 612ರ ಮೇಲೇ. ಅಷ್ಟು ಇಷ್ಟ ಇದ್ದೋರೂ ಇಂಜಿನ್ ಓಡೋವಾಗ ಅದನ್ನ ಮುಟ್ಟುತ್ತಿರಲಿಲ್ಲ. ಯಾಕಂದ್ರೆ ಅವರು ಟ್ರಾಕ್ಟರ್ ಓಡಿಸ್ತಿದ್ದಿದ್ದು ಅರ್ಧ ಕಿವಿಯಲ್ಲಿ. ಮನೆಯಲ್ಲಿ ಕೂತು, ದೂರದ ಹೊಲದಲ್ಲಿ ನಾನು ಕಲ್ಟಿವೇಟರ್ ಹೊಡೀತಿದ್ರೆ, "ಕಲ್ಲಿಗೆ ಕೊಟ್ಟ ನೋಡು", "ಇಂಜಿನ್ ನರಳ್ತಾ ಐತೆ, ಗೇರ್ ಇಳಿಸದೆ ಏನು ಮಾಡ್ತಾವ್ನೆ" ಅಂತಿದ್ರಂತೆ. ಫ್ಯಾನ್ ಬೆಲ್ಟ್ ಸಡಿಲ ಆದ್ರೆ ಕೀಚಲು ಸದ್ದು ಬರುತ್ತೆ, ಲಿಫ್ಟ್ ಪಂಪಿಗೆ ಎಣ್ಣೆ ಕಮ್ಮಿಯಾದ್ರೆ ಬೇರೆ ಸದ್ದು. ಆ ಕಾಲದ ಗಾಡಿಗೆ ಮೀಟರ್‌ಗಳಿಗಿಂತ ಮೊದಲು ಸದ್ದೇ ಹೇಳ್ತಿತ್ತು.

ಹಾಗಂತ ಹೊಲದಲ್ಲಿ ಹಾಡೇ ಇರಬಾರದು ಅಂತ ಯಾರೂ ಹೇಳಿಲ್ಲ. ನಮ್ಮ ಮುತ್ತಾತ ಕಪಿಲೆ ಹೊಡೆಯೋವಾಗ ಹಾಡು ಹೇಳೋರಂತೆ. ಎತ್ತು ಇಳಿಜಾರಿನಲ್ಲಿ ಹೋಗಿ ಬರೋ ಗತಿಗೇ ಪದ. ಹಾಡು ನಿಂತ್ರೆ ಎತ್ತೂ ನಿಲ್ತಿದ್ವಂತೆ. ರಾಗಿ ಕಳೆ ಕೀಳೋವಾಗ ಹೆಂಗಸರ ಹಾಡು ನಾನೇ ಕೇಳಿದೀನಿ. ಆ ಹಾಡಿನ ಮಧ್ಯೆ "ಅಯ್ಯೋ ಹಾವು" ಅಂದ್ರೆ ಎಲ್ಲರಿಗೂ ಕೇಳ್ತಿತ್ತು. ಟ್ರಾಕ್ಟರ್ ಮೇಲಿನ ಬಾಕ್ಸು ಆ ಥರದ್ದಲ್ಲ. ಇಂಜಿನ್ ಸದ್ದನ್ನ ಮೀರಿ ಕೇಳಬೇಕು ಅಂದ್ರೆ ಅದಕ್ಕಿಂತ ಜೋರಾಗೇ ಇಡಬೇಕು. ಕ್ಯಾಬಿನ್ ಇಲ್ಲದ ಟ್ರಾಕ್ಟರ್ ಜೋರಾಗಿ ಎಳೀತಾ ಇದ್ರೆ ಓಡಿಸೋನ ಕಿವಿ ಹತ್ತಿರ 90 ಡೆಸಿಬಲ್ ದಾಟೋದು ಮಾಮೂಲು. ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, 88ಕ್ಕೆ 4 ಗಂಟೆ, 91ಕ್ಕೆ ಬರೀ 2 ಗಂಟೆ. ಅದರ ಮೇಲೆ ಡೆಕ್ ಸದ್ದೂ ಸೇರಿಸಿ ನೋಡಿ. ನನಗೆ ಎಡಗಿವಿ ಈಗಾಗಲೇ ಮಂದ. ಬಲಕ್ಕೆ ತಿರುಗಿ ಹಿಂದೆ ನೋಡ್ತಾ ಓಡಿಸೋ ಅಭ್ಯಾಸ ಇರೋರಿಗೆ ಎಡಗಿವಿ ಸೈಲೆನ್ಸರ್ ಕಡೆಗೇ ಇರುತ್ತೆ. ನಿಮ್ಮದೂ ಒಂದ್ಸಲ ನೋಡ್ಕೊಳ್ಳಿ, ಫೋನನ್ನ ಯಾವ ಕಿವಿಗೆ ಇಡ್ತೀರಿ ಅಂತ.

"ಹಂಗಾದ್ರೆ ಇಯರ್‌ಫೋನ್ ಹಾಕ್ಕೊಳ್ಳಾ?" ಅಂದ ಮಗ. ಅದು ಇನ್ನೂ ಕೆಟ್ಟದ್ದು ಅಂದೆ. ಬಾಕ್ಸಿನ ಹಾಡು ಜೋರಾದ್ರೆ ಪಕ್ಕದವರಾದ್ರೂ ಬಂದು ಬೈತಾರೆ.

ಅವ್ವನ ಮಾತು ಅವನಿಗೂ ನಾಟಿತ್ತು ಅನ್ಸುತ್ತೆ. ನಾಲ್ಕು ದಿನ ಸುಮ್ಮನಿದ್ದ. ಐದನೇ ದಿನ ಅವನೇ ಒಂದು ಐಡಿಯಾ ತಂದ. ಈ ಪೋಸ್ಟ್ ಬರೆದಿದ್ದೇ ಇದನ್ನ ನಿಮಗೆ ಹೇಳೋಕೆ. ಬ್ರೇಕ್ ಲೈಟಿನ ಸ್ವಿಚ್ ಇರುತ್ತಲ್ಲ, ಮೊಳೆ ಒತ್ತಿದ್ರೆ ಆಫ್, ಬಿಟ್ಟರೆ ಆನ್ ಆಗೋ ಥರದ್ದು. ಆ ಸ್ವಿಚ್ಚನ್ನ ಎಡಗಡೆ ಪಿಟಿಒ ಲಿವರ್ ಹತ್ತಿರ ಒಂದು ಪಟ್ಟಿಗೆ ಕೂರಿಸಿದ. ಲಿವರ್ ಹಾಕಿದ ತಕ್ಷಣ ಅದು ಸ್ವಿಚ್ಚಿನ ಮೊಳೆ ಒತ್ತುತ್ತೆ, ಡೆಕ್ಕಿನ ಕರೆಂಟು ಕಟ್. ಲಿವರ್ ತೆಗೆದ್ರೆ ಹಾಡು ವಾಪಸ್. ಡೆಕ್ಕಿಗೆ ಹೋಗೋ ಪಾಸಿಟಿವ್ ವೈರನ್ನ ಒಂದು ರಿಲೇ ಮೂಲಕ ತಂದ, ಸ್ವಿಚ್ ಸುಡಬಾರದು ಅಂತ. ಫ್ಯೂಸ್ ಮರೀಬೇಡಿ. ಸ್ವಿಚ್ಚು, ರಿಲೇ ಎರಡೂ ಪೇಟೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತೆ. ಬ್ಲೇಡು ತಿರುಗೋವಾಗ ಹಾಡು ಹಾಕ್ತೀನಿ ಅಂದ್ರೂ ಆಗಲ್ಲ, ನನಗೂ ಆಗಲ್ಲ, ಅವನಿಗೂ ಆಗಲ್ಲ.

ಬಾಕ್ಸು ಒಂದೇ, ಚಿಕ್ಕದು, ಸೀಟಿನ ಹಿಂದೆ. ಹುಲ್ಲು ಹೇರ್ಕೊಂಡು ಬರೋವಾಗ, ಗೊಬ್ಬರ ಹೊಡೆಯೋವಾಗ, ಘಾಟಿ ಜಾತ್ರೆಗೆ ಹೋಗೋವಾಗ ಕೇಳ್ಕೊಳ್ಳಲಿ. ಹಿಂದೆ ಹಾರ್ನ್ ಹೊಡೆದೋರಿಗೆ ದಾರಿ ಬಿಡೋಷ್ಟು ಸಣ್ಣಗೆ.

ಕಲ್ಟಿವೇಟರ್ ವಿಷಯದಲ್ಲಿ ಮಾತ್ರ ಇನ್ನೂ ಒಪ್ಪಂದ ಆಗಿಲ್ಲ. ಅದಕ್ಕೆ ಪಿಟಿಒ ಬೇಡ, ಹಾಗಾಗಿ ಸ್ವಿಚ್ ಕೆಲಸ ಮಾಡಲ್ಲ. ಉಳೋವಾಗ ಹಾಡು ಬೇಡ ಅಂತ ನಾನು, ರಾತ್ರಿ ನಿದ್ದೆಗೆ ಬೇಕು ಅಂತ ಅವನು. ನಿದ್ದೆ ಬಂದ್ರೆ ಇಳಿದು ಮಲಗೋದೇ ಸರಿ ಅಂತ ನನ್ನ ಮಾತು, ಹದ ಹೋದ್ರೆ ಯಾರು ಕೊಡ್ತಾರೆ ಅಂತ ಅವನ ಮಾತು. ಈ ಮುಂಗಾರಿನಲ್ಲಿ ಗೊತ್ತಾಗುತ್ತೆ.

ಪೇಂಟರಿಗೆ ಚೌಕಟ್ಟು ಕಟ್ ಮಾಡಬೇಡ, ಅದಕ್ಕೂ ಬಣ್ಣ ಹೊಡಿ ಅಂದೆ. ಕೆಂಪೋ ಬೂದೋ ಅಂದ. ಅದು ಮೊದಲಿಂದ ಬಣ್ಣವೇ ಕಾಣದ ಬರೀ ಕಬ್ಬಿಣ. ಕಪ್ಪು ಹೊಡೆಸಿದೀವಿ. ಅಪ್ಪನ ಟ್ರಾನ್ಸಿಸ್ಟರ್ ಅಟ್ಟದ ಮೇಲೆ ಸಿಕ್ತು, ಸೆಲ್ಲು ಸೋರಿ ಒಳಗೆಲ್ಲ ಹಸಿರು ಹಿಡಿದಿದೆ. ಹಳೇ ರೇಡಿಯೊ ರಿಪೇರಿ ಮಾಡೋರು ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಯಾರಾದ್ರೂ ಇದ್ರೆ ತಿಳಿಸಿ. ಪಿಟಿಒ ಸ್ವಿಚ್ ಹಾಕೋದು ಹೇಗೆ ಅಂತ ನೋಡಬೇಕು ಅನ್ನೋರು ಮನೆ ಹತ್ತಿರ ಬನ್ನಿ, ಮಗ ತೋರಿಸ್ತಾನೆ.